ಗೇಮ್‌ಪ್ಲೇ ಕ್ಲಿಪ್ ಹಂಚಿಕೊಂಡಾಗ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

"ನನ್ನ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಓಡುತ್ತೆ, ನಿನ್ನ ಫೋನಿಂದೇ ಏನೋ ತೊಂದರೆ." ಗೇಮ್ ಕ್ಲಿಪ್ ಕಳಿಸಿದವರಿಗೂ ಪಡೆದವರಿಗೂ ನಡೆಯುವ ಜಗಳ ಸಾಮಾನ್ಯವಾಗಿ ಇಲ್ಲಿಂದಲೇ ಶುರು. ಆಮೇಲೆ ಯಾರೋ ಒಬ್ಬರು "ಕನ್ವರ್ಟ್ ಮಾಡಿ ಕಳಿಸು" ಅನ್ನುತ್ತಾರೆ. ಲ್ಯಾಪ್‌ಟಾಪ್ ಫ್ಯಾನ್ ಅರ್ಧ ಗಂಟೆ ಕಿರುಚಿದ ಮೇಲೆ ಹೊರಬಂದ ವಿಡಿಯೊ ಮೊದಲಿನದಕ್ಕಿಂತ ಮಂಕಾಗಿರುತ್ತದೆ. ಎಷ್ಟೋ ಸಲ ಆ ಕನ್ವರ್ಷನ್ ಬೇಕಾಗಿಯೇ ಇರುವುದಿಲ್ಲ.

ವಿಡಿಯೊ ಫೈಲಿನಲ್ಲಿ ದೋಷ ಇರಬಹುದಾದ ಜಾಗ ಮುಖ್ಯವಾಗಿ ಮೂರು. ಒಂದು ಕಂಟೇನರ್, ಅಂದರೆ ಎಂಪಿ4, ಎಂಕೆವಿ, ವೆಬ್‌ಎಂ ಎಂಬ ಹೊರಗಿನ ಡಬ್ಬಿ. ಚಿತ್ರ, ಶಬ್ದ, ಸಬ್‌ಟೈಟಲ್ ಎಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟು, ಯಾವ ಕ್ಷಣಕ್ಕೆ ಯಾವುದು ಬರಬೇಕು ಎಂಬ ಲೆಕ್ಕ ಇಡುವುದು ಅದರ ಕೆಲಸ. ಎರಡನೆಯದು ಕೋಡೆಕ್: ಎಚ್.264, ಎಚ್‌ಇವಿಸಿ, ವಿಪಿ9, ಎವಿ1. ಚಿತ್ರವನ್ನು ಕುಗ್ಗಿಸಿದ ರೀತಿ ಇದು. ಮೂರನೆಯದು ಆ ಕೋಡೆಕ್‌ಗೆ ನೀವು ಕೊಟ್ಟ ಸೆಟ್ಟಿಂಗ್‌ಗಳು: ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಬಣ್ಣದ ಮಾದರಿ. ಡಬ್ಬಿ ಬದಲಿಸುವುದಕ್ಕೆ ಕೆಲವೇ ಸೆಕೆಂಡ್ ಸಾಕು, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಕೋಡೆಕ್ ಬದಲಿಸಬೇಕೆಂದರೆ ಇಡೀ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಬೇಕು, ಅಂದರೆ ಬಿಚ್ಚಿ ಹೊಸದಾಗಿ ಕುಗ್ಗಿಸಬೇಕು, ಸಮಯವೂ ಹೋಗುತ್ತದೆ, ಪ್ರತಿ ಸಲ ಚಿತ್ರವೂ ಒಂದಿಷ್ಟು ಸವೆಯುತ್ತದೆ. ಅದಕ್ಕೇ ದೋಷ ಈ ಮೂರರಲ್ಲಿ ಎಲ್ಲಿದೆ ಎಂದು ಗೊತ್ತಾಗುವ ತನಕ ಕನ್ವರ್ಟ್ ಬಟನ್ ಒತ್ತಬೇಡಿ.

ಎಲ್ಲಕ್ಕಿಂತ ಮೊದಲು

ಮೂಲ ರೆಕಾರ್ಡಿಂಗನ್ನು ಬೇರೆ ಫೋಲ್ಡರ್‌ಗೆ ನಕಲು ಮಾಡಿ ಇಟ್ಟು, ಪ್ರಯೋಗವನ್ನೆಲ್ಲ ನಕಲಿನ ಮೇಲೆ ಮಾಡಿ. ಆಮೇಲೆ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಫೈಲನ್ನು ಅದರಲ್ಲಿ ತೆರೆಯಿರಿ. ಉದ್ದದ ಪಟ್ಟಿ ಬರುತ್ತದೆ, ಗಾಬರಿಯಾಗಬೇಡಿ. ನಿಮಗೆ ಬೇಕಾದದ್ದು ಕೆಲವೇ ಸಾಲು: ಮೇಲೆ 'ಜನರಲ್' ವಿಭಾಗದಲ್ಲಿರುವ ಫಾರ್ಮ್ಯಾಟ್ ಅಂದರೆ ಕಂಟೇನರ್, 'ವಿಡಿಯೊ' ವಿಭಾಗದ ಫಾರ್ಮ್ಯಾಟ್ ಅಂದರೆ ಕೋಡೆಕ್, ಬಿಟ್‌ರೇಟ್, ಫ್ರೇಮ್‌ರೇಟ್ ಮೋಡ್, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅಂದರೆ ಬಣ್ಣದ ಮಾದರಿ, ಮತ್ತು ಕೆಳಗೆ 'ಆಡಿಯೊ' ವಿಭಾಗ ಎಷ್ಟಿವೆ ಎಂಬುದು. ಎಚ್.264 ಅಲ್ಲಿ ಎವಿಸಿ ಎಂಬ ಹೆಸರಿನಲ್ಲಿ ಕಾಣುತ್ತದೆ, ಎರಡೂ ಒಂದೇ.

ವಿಎಲ್‌ಸಿ ಪ್ಲೇಯರ್‌ನಲ್ಲೂ ಒಮ್ಮೆ ಓಡಿಸಿ ನೋಡಿ. ವಿಎಲ್‌ಸಿ ತನ್ನ ಕೋಡೆಕ್‌ಗಳನ್ನು ತಾನೇ ಹೊತ್ತು ತರುತ್ತದೆ, ಹಾಗಾಗಿ ಅದರಲ್ಲಿ ಓಡಿತು ಅಂದರೆ ಫೈಲ್ ಮುರಿದಿಲ್ಲ ಎಂದಷ್ಟೇ ಅರ್ಥ. ಗೆಳೆಯನ ಫೋನಿನಲ್ಲೂ ಓಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವಿಎಲ್‌ಸಿಯಲ್ಲೂ ಓಡದಿದ್ದರೆ ನೇರವಾಗಿ ಕೊನೆಯ ವಿಭಾಗಕ್ಕೆ ಹೋಗಿ.

ಲಕ್ಷಣ: ನಿಮ್ಮಲ್ಲಿ ಓಡುತ್ತದೆ, ಬೇರೆಯವರಲ್ಲಿ ತೆರೆಯುವುದೇ ಇಲ್ಲ

ಫೈಲ್ ಎಂಕೆವಿ ಆಗಿದೆಯೇ ನೋಡಿ. ಪರದೆ ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ ಒಬಿಎಸ್ ಸ್ಟುಡಿಯೋ ಬಳಸುವವರಲ್ಲಿ ಹಲವರು ರೆಕಾರ್ಡ್ ಮಾಡುವುದು ಎಂಕೆವಿಯಲ್ಲಿ. ಅದಕ್ಕೆ ಒಳ್ಳೆಯ ಕಾರಣವೂ ಇದೆ, ಕೊನೆಯಲ್ಲಿ ಹೇಳುತ್ತೇನೆ. ಆದರೆ ಐಫೋನಿನ ಫೋಟೋಸ್ ಆ್ಯಪ್ ಎಂಕೆವಿ ತೆರೆಯುವುದಿಲ್ಲ, ಕೆಲವು ಎಡಿಟಿಂಗ್ ತಂತ್ರಾಂಶಗಳೂ ಮುಖ ತಿರುಗಿಸುತ್ತವೆ.

ಇಲ್ಲಿ ಬಹಳ ಜನ ಮಾಡುವ ಕೆಲಸ ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಕೆವಿ ಅಳಿಸಿ ಎಂಪಿ4 ಎಂದು ಬರೆಯುವುದು. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ ಅದು, ಒಳಗಿರುವುದು ಉಪ್ಪೇ. ಕೆಲವು ಪ್ಲೇಯರ್‌ಗಳು ಚೀಟಿ ನೋಡದೆ ಒಳಗಿರುವುದನ್ನು ನೋಡಿಯೇ ಓಡಿಸುವುದರಿಂದ 'ಸರಿಹೋಯಿತು' ಅನಿಸುತ್ತದೆ, ಮುಂದಿನ ಫೋನಿನಲ್ಲಿ ಮತ್ತೆ ಅದೇ ಕಥೆ.

ಸರಿಯಾದ ದಾರಿ ರಿಮಕ್ಸ್. ಒಬಿಎಸ್‌ನ 'ಫೈಲ್' ಮೆನುವಿನಲ್ಲಿ 'ರಿಮಕ್ಸ್ ರೆಕಾರ್ಡಿಂಗ್ಸ್' ಇದೆ. ಎಂಕೆವಿಯನ್ನು ಅದಕ್ಕೆ ಎಳೆದು ಹಾಕಿ ಒತ್ತಿದರೆ, ಚಿತ್ರ ಮತ್ತು ಶಬ್ದ ಇದ್ದ ಹಾಗೇ ಎಂಪಿ4ಗೆ ವರ್ಗವಾಗುತ್ತವೆ. ಗಂಟೆ ಅವಧಿಯ ರೆಕಾರ್ಡಿಂಗ್ ಕೂಡ ಡಿಸ್ಕ್‌ನಿಂದ ಡಿಸ್ಕ್‌ಗೆ ನಕಲಾಗುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. 'ಸೆಟ್ಟಿಂಗ್ಸ್', 'ಅಡ್ವಾನ್ಸ್ಡ್' ವಿಭಾಗದಲ್ಲಿ ರೆಕಾರ್ಡಿಂಗ್ ಮುಗಿದ ಕೂಡಲೇ ತಾನಾಗಿ ರಿಮಕ್ಸ್ ಆಗುವ ಆಯ್ಕೆಯೂ ಇದೆ. ಒಂದು ಸಲ ಗುರುತು ಹಾಕಿಟ್ಟರೆ ಈ ತಲೆನೋವು ಮತ್ತೆ ಬರುವುದಿಲ್ಲ.

ಫೈಲ್ ಈಗಾಗಲೇ ಎಂಪಿ4 ಆಗಿದ್ದು, ಡೌನ್‌ಲೋಡ್ ಪೂರ್ತಿ ಮುಗಿಯುವ ತನಕ ಬ್ರೌಸರಿನಲ್ಲಿ ಓಡಲು ಶುರುವಾಗುವುದಿಲ್ಲವೇ? ಎಂಪಿ4 ಫೈಲಿನಲ್ಲಿ 'ಮೂವ್' ಎಂಬ ಒಂದು ತುಣುಕು ಇರುತ್ತದೆ, ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿ ಅದು. ರೆಕಾರ್ಡ್ ಮಾಡುವಾಗ ಅದು ಸಾಮಾನ್ಯವಾಗಿ ಫೈಲಿನ ಬಾಲಕ್ಕೆ ಬರೆಯಲ್ಪಡುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಕನ್ವರ್ಟರ್‌ನಲ್ಲಿ 'ವೆಬ್ ಆಪ್ಟಿಮೈಸ್ಡ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಸೂಚಿ ತಲೆಗೆ ಬರುತ್ತದೆ. ಯೂಟ್ಯೂಬ್ ಕೂಡ ಅಪ್‌ಲೋಡ್ ಫೈಲಿನಲ್ಲಿ ಸೂಚಿ ಮುಂದಿರಲಿ ಎಂದೇ ಸಲಹೆ ಕೊಡುತ್ತದೆ.

ಲಕ್ಷಣ: ಶಬ್ದ ಬರುತ್ತದೆ, ಚಿತ್ರ ಕಪ್ಪು

ಡಬ್ಬಿ ತೆರೆದಿದೆ, ಒಳಗಿನ ಚಿತ್ರ ಬಿಚ್ಚಲು ಬಂದಿಲ್ಲ. ಇದು ಕೋಡೆಕ್ ದೋಷದ ಮುಖ್ಯ ಗುರುತು.

ಮೀಡಿಯಾಇನ್ಫೋದಲ್ಲಿ ಎಚ್‌ಇವಿಸಿ ಎಂದಿದ್ದರೆ, ವಿಂಡೋಸ್‌ನಲ್ಲಿ ಓಡಿಸಲು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್ ಬೇಕಾಗಬಹುದು, ಅದಕ್ಕೆ ಸಣ್ಣ ಮೊತ್ತ ಕೊಡಬೇಕು. ಎವಿ1 ಎಂದಿದ್ದರೆ ಅದರ ಎಕ್ಸ್‌ಟೆನ್ಶನ್ ಉಚಿತ. ಆದರೆ ನೋಡುವವರ ಯಂತ್ರ ಹಳೆಯದಾದರೆ ಎವಿ1 ಬಿಚ್ಚುವ ಚಿಪ್ ಅದರಲ್ಲಿ ಇರುವುದಿಲ್ಲ. ಪ್ರೊಸೆಸರ್ ಒಂದೇ ಒದ್ದಾಡಿ ಚಿತ್ರ ತಡವರಿಸುತ್ತದೆ. ಐಫೋನ್‌ಗಳಲ್ಲಿ ಎವಿ1 ಚಿಪ್ ಬಂದದ್ದೇ 2023ರ 15 ಪ್ರೊ ಮಾದರಿಯಿಂದ.

ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡವರು ಈ ಬಲೆಗೆ ಬೀಳುವುದು ಹೆಚ್ಚು. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿ, ಎಎಂಡಿಯ ಆರ್‌ಎಕ್ಸ್ 7000, ಇಂಟೆಲ್‌ನ ಆರ್ಕ್ ಕಾರ್ಡ್‌ಗಳು 2022ರಿಂದ ಎವಿ1 ಎನ್‌ಕೋಡ್ ಮಾಡುತ್ತವೆ. ಒಳ್ಳೆಯ ಕೋಡೆಕ್, ಅದೇ ಗುಣಮಟ್ಟಕ್ಕೆ ಫೈಲ್ ಚಿಕ್ಕದು. ಅದು ನಿಮ್ಮ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಲು ಸರಿ, ಯೂಟ್ಯೂಬ್‌ಗೆ ಏರಿಸಲೂ ಸರಿ. ಯಾವ ಫೋನಿನಲ್ಲಿ ನೋಡುತ್ತಾರೋ ಗೊತ್ತಿಲ್ಲದ ಗುಂಪಿಗೆ ಕಳಿಸುವಾಗ ಮಾತ್ರ 2003ರ ಎಚ್.264 ಇವತ್ತಿಗೂ ನಂಬಿಗಸ್ತ. ಎಂಪಿ4 ಕಂಟೇನರ್, ಎಚ್.264 ಚಿತ್ರ, ಎಎಸಿ ಶಬ್ದ: ಈ ಜೋಡಣೆ ಓಡದ ಫೋನ್ ಸಿಗುವುದು ಕಷ್ಟ.

ಎಚ್.264 ಇದ್ದೂ ಚಿತ್ರ ಬರದಿದ್ದರೆ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಸಾಲು ನೋಡಿ. ಅಲ್ಲಿ 4:2:0 ಇರಬೇಕು. 'ಹೆಚ್ಚು ಬಣ್ಣ ಸಿಗುತ್ತದೆ' ಎಂದು ಒಬಿಎಸ್‌ನಲ್ಲಿ ಕಲರ್ ಫಾರ್ಮ್ಯಾಟನ್ನು ಐ444ಕ್ಕೆ ಬದಲಿಸಿದ್ದರೆ 4:4:4 ಎಂದು ತೋರಿಸುತ್ತದೆ, ಬಹುತೇಕ ಫೋನಿನ ಚಿಪ್‌ಗಳು ಅದನ್ನು ಬಿಚ್ಚುವುದಿಲ್ಲ. 4:2:0 ಮಾದರಿಯ ಎನ್‌ವಿ12ಕ್ಕೆ ಮರಳಿಸಿ.

ಎಚ್‌ಇವಿಸಿ ಇರುವ ಎಂಪಿ4 ಆಂಡ್ರಾಯ್ಡ್‌ನಲ್ಲಿ ಓಡುತ್ತದೆ, ಆ್ಯಪಲ್ ಸಾಧನಗಳಲ್ಲಿ ಮಾತ್ರ ಓಡುವುದಿಲ್ಲ ಎಂಬುದು ಇನ್ನೊಂದು ವಿಚಿತ್ರ. ಫೈಲಿನೊಳಗೆ ಕೋಡೆಕ್‌ಗೆ ನಾಲ್ಕಕ್ಷರದ ಒಂದು ಗುರುತು ಇರುತ್ತದೆ: 'ಎಚ್‌ವಿಸಿ1' ಅಥವಾ 'ಎಚ್‌ಇವಿ1'. ಆ್ಯಪಲ್ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಕಮಾಂಡ್ ಲೈನ್ ತಂತ್ರಾಂಶ ಬಳಸಿ ಗೊತ್ತಿರುವವರು ಎನ್‌ಕೋಡ್ ಮಾಡದೆಯೇ ಆ ಗುರುತನ್ನಷ್ಟೇ ಬದಲಿಸಬಹುದು.

ಎಚ್ಚರಿಕೆ: ಕಪ್ಪು ಚಿತ್ರ ಕಂಡ ತಕ್ಷಣ 'ಕೋಡೆಕ್ ಪ್ಯಾಕ್' ಎಂದು ಹುಡುಕಿ ಸಿಕ್ಕಿದ್ದನ್ನು ಇನ್‌ಸ್ಟಾಲ್ ಮಾಡಬೇಡಿ. ಆ ಹೆಸರಿನಲ್ಲಿ ಹರಿದಾಡುವ ಎಷ್ಟೋ ಫೈಲ್‌ಗಳು ಮಾಲ್‌ವೇರ್. ವಿಎಲ್‌ಸಿ ಹಾಕಿಕೊಂಡವರಿಗೆ ಕೋಡೆಕ್ ಪ್ಯಾಕಿನ ಅಗತ್ಯವೇ ಇಲ್ಲ.

ಲಕ್ಷಣ: ಗೇಮಿನ ಶಬ್ದ ಇದೆ, ನಿಮ್ಮ ಮಾತಿಲ್ಲ

ಮೀಡಿಯಾಇನ್ಫೋದಲ್ಲಿ ಆಡಿಯೊ ವಿಭಾಗ ಎರಡೋ ಮೂರೋ ಇದ್ದರೆ ಉತ್ತರ ಸಿಕ್ಕಿತು. ನೀವು ಗೇಮಿಗೊಂದು, ಮೈಕಿಗೊಂದು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದ್ದೀರಿ. ಎಡಿಟಿಂಗ್‌ಗೆ ಅದು ಬಹಳ ಅನುಕೂಲ, ಆದರೆ ಪ್ಲೇಯರ್‌ಗಳು ಒಂದು ಸಲಕ್ಕೆ ಒಂದೇ ಟ್ರ್ಯಾಕ್ ನುಡಿಸುತ್ತವೆ, ಸಾಮಾನ್ಯವಾಗಿ ಮೊದಲನೆಯದನ್ನು. ವಿಎಲ್‌ಸಿಯ ಆಡಿಯೊ ಮೆನುವಿನಲ್ಲಿ ಎರಡನೇ ಟ್ರ್ಯಾಕ್ ಆರಿಸಿ ನೋಡಿ, ನಿಮ್ಮ ದನಿ ಅಲ್ಲಿ ಅಡಗಿ ಕೂತಿರುತ್ತದೆ.

ಮುಂದಿನ ಸಲಕ್ಕೆ ಒಬಿಎಸ್‌ನ 'ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್' ತೆರೆದು ಮೊದಲ ಟ್ರ್ಯಾಕ್‌ಗೆ ಎಲ್ಲ ಶಬ್ದವನ್ನೂ ಸೇರಿಸಿ, ಎರಡರಲ್ಲಿ ಮೈಕ್ ಮಾತ್ರ, ಮೂರರಲ್ಲಿ ಗೇಮ್ ಮಾತ್ರ ಇರಲಿ. ಈಗಾಗಲೇ ಆಗಿರುವ ರೆಕಾರ್ಡಿಂಗ್‌ನಲ್ಲಿ ಟ್ರ್ಯಾಕ್‌ಗಳನ್ನು ಬೆರೆಸಲು ಶಾಟ್‌ಕಟ್‌ನಂಥ ಎಡಿಟರ್ ಬೇಕು. ಹ್ಯಾಂಡ್‌ಬ್ರೇಕ್ ಟ್ರ್ಯಾಕ್‌ಗಳನ್ನು ಬೆರೆಸುವುದಿಲ್ಲ, ಸಾಲಾಗಿ ಇಡುತ್ತದೆ ಅಷ್ಟೆ.

ಲಕ್ಷಣ: ಫೈಲ್ ದೊಡ್ಡದು, ಹೋಗುತ್ತಿಲ್ಲ

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಆದರೆ ಒಂದೇ ಲೆಕ್ಕ. ಬಿಟ್‌ರೇಟನ್ನು ಸೆಕೆಂಡ್‌ಗಳಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಗಾತ್ರ. 12 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಒಂದೂವರೆ ಎಂಬಿ, ನಿಮಿಷಕ್ಕೆ 90 ಎಂಬಿ, ಹತ್ತು ನಿಮಿಷಕ್ಕೆ 900 ಎಂಬಿ. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್ ಇರುವವರಿಗೆ ಅದನ್ನು ಕಳಿಸಿದರೆ ಅವರ ಆ ದಿನದ ಇಂಟರ್ನೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು.

ಕೋಡೆಕ್‌ಗಳು ಎಷ್ಟು ಕೆಲಸ ಮಾಡುತ್ತಿವೆ ಎಂಬ ಅಂದಾಜೂ ಇರಲಿ. 1080ಪಿ, ಸೆಕೆಂಡಿಗೆ 60 ಫ್ರೇಮ್ ಇರುವ ಚಿತ್ರವನ್ನು 4:2:0 ಬಣ್ಣದಲ್ಲಿ ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ ಸುಮಾರು 187 ಎಂಬಿ ಬೇಕು. ಅದು ಒಂದೂವರೆ ಎಂಬಿಗೆ ಇಳಿದಿದೆ ಅಂದರೆ ನೂರಿಪ್ಪತ್ತು ಪಟ್ಟಿಗಿಂತ ಹೆಚ್ಚು ಹಿಂಡಿ ಆಗಿದೆ.

ಮೊದಲು ಖರ್ಚಿಲ್ಲದ ಉಪಾಯಗಳು. ಬೇಕಾದ ಭಾಗವನ್ನಷ್ಟೇ ಕತ್ತರಿಸಿ. ಎಂಟು ನಿಮಿಷದ ರೆಕಾರ್ಡಿಂಗ್‌ನಲ್ಲಿ ತೋರಿಸಬೇಕಾದದ್ದು ಕೊನೆಯ ನಲವತ್ತು ಸೆಕೆಂಡಿನ ಕ್ಲಚ್ (ಸೋಲಿನಂಚಿನಿಂದ ಗೆದ್ದ ಕ್ಷಣ) ಆಗಿದ್ದರೆ ಉಳಿದದ್ದನ್ನು ಯಾಕೆ ಹಿಂಡಬೇಕು? ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶ ಎನ್‌ಕೋಡ್ ಮಾಡದೆ ಕತ್ತರಿಸುತ್ತದೆ. ಎರಡನೆಯದಾಗಿ, ಫೈಲನ್ನೇ ಕಳಿಸಬೇಕೋ ಲಿಂಕ್ ಸಾಕೋ ಯೋಚಿಸಿ. ಯೂಟ್ಯೂಬ್‌ನಲ್ಲಿ 'ಅನ್‌ಲಿಸ್ಟೆಡ್' ಆಗಿ ಹಾಕಿ ಲಿಂಕ್ ಕೊಟ್ಟರೆ ಕಂಟೇನರ್, ಕೋಡೆಕ್, ಗಾತ್ರ ಎಲ್ಲದರ ಚಿಂತೆ ಅವರದು. ನಾನಂತೂ ಐದು ನಿಮಿಷ ಮೀರಿದ ಯಾವುದಕ್ಕೂ ಇದನ್ನೇ ಹೇಳುವುದು.

ಫೈಲೇ ಬೇಕು ಅಂದರೆ ಮಿತಿ ತಿಳಿದಿರಲಿ. ಡಿಸ್ಕಾರ್ಡ್ ತನ್ನ ಉಚಿತ ಖಾತೆಯ ಮಿತಿಯನ್ನು 2023ರಲ್ಲಿ 25 ಎಂಬಿಗೆ ಏರಿಸಿ, 2024ರಲ್ಲಿ 10 ಎಂಬಿಗೆ ಇಳಿಸುವುದಾಗಿ ಹೇಳಿತು. ಜಿಮೇಲ್ ಲಗತ್ತಿಗೆ 25 ಎಂಬಿ. ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ 2 ಜಿಬಿ ತನಕ ಹೋಗುತ್ತದೆ, ಟೆಲಿಗ್ರಾಂನಲ್ಲೂ ಉಚಿತ ಖಾತೆಗೆ ಅಷ್ಟೇ.

ಹಾಗಾದರೆ 10 ಎಂಬಿಗೆ ಒಂದು ನಿಮಿಷ ಹಿಡಿಸಬೇಕು. 10 ಎಂಬಿ ಅಂದರೆ 80 ಮೆಗಾಬಿಟ್, 60 ಸೆಕೆಂಡಿಗೆ ಹಂಚಿದರೆ 1.33 ಎಂಬಿಪಿಎಸ್. ಶಬ್ದಕ್ಕೆ 128 ಕೆಬಿಪಿಎಸ್ ಕಳೆದು, ಒಂದಿಷ್ಟು ಅಂಚು ಬಿಟ್ಟರೆ ಚಿತ್ರಕ್ಕೆ ಉಳಿಯುವುದು 1.1 ಎಂಬಿಪಿಎಸ್ ಚಿಲ್ಲರೆ. ಅಷ್ಟರಲ್ಲಿ 1080ಪಿ 60 ಫ್ರೇಮ್ ಆಸೆ ಬಿಡಿ. 720ಪಿ, 30 ಫ್ರೇಮ್‌ಗೆ ಇಳಿದರೆ ಪ್ರತಿ ಸೆಕೆಂಡಿಗೆ ಬರುವ ಪಿಕ್ಸೆಲ್‌ಗಳು ಐದರಲ್ಲಿ ಒಂದು ಭಾಗಕ್ಕಿಂತ ತುಸುವೇ ಹೆಚ್ಚು, ಆಗ ಆ ಬಿಟ್‌ರೇಟ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಹ್ಯಾಂಡ್‌ಬ್ರೇಕ್‌ನ ವಿಡಿಯೊ ವಿಭಾಗದಲ್ಲಿ 'ಆವರೇಜ್ ಬಿಟ್‌ರೇಟ್' ಆರಿಸಿ, ಕಿಲೋಬಿಟ್ ಲೆಕ್ಕದಲ್ಲಿ 1100 ಎಂದು ಹಾಕಿ, 'ಮಲ್ಟಿ ಪಾಸ್' ಗುರುತು ಹಾಕಿ. ಮೊದಲ ಸುತ್ತಿನಲ್ಲಿ ಎಲ್ಲಿ ಚಲನೆ ಹೆಚ್ಚಿದೆ ಎಂದು ನೋಡಿಕೊಂಡು ಎರಡನೇ ಸುತ್ತಿನಲ್ಲಿ ಬಿಟ್‌ಗಳನ್ನು ಹಂಚುವುದರಿಂದ ಗಾತ್ರ ಹೇಳಿದಷ್ಟಕ್ಕೆ ಹತ್ತಿರ ಬರುತ್ತದೆ.

ಗಾತ್ರದ ಮಿತಿ ಇಲ್ಲದಿದ್ದರೆ ಬಿಟ್‌ರೇಟ್ ಹಾಕಲೇಬೇಡಿ. 'ಕಾನ್‌ಸ್ಟಂಟ್ ಕ್ವಾಲಿಟಿ' ಆರಿಸಿ, ಎಚ್.264ಗೆ 20ರಿಂದ 23ರ ನಡುವೆ ಇಡಿ. ಸಂಖ್ಯೆ ಕಮ್ಮಿಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು.

ರೆಕಾರ್ಡ್ ಆದ ಫೈಲೇ ವಿಪರೀತ ದೊಡ್ಡದು ಅನ್ನುವವರು ಒಬಿಎಸ್‌ನ 'ಔಟ್‌ಪುಟ್' ಪುಟ ತೆರೆದು ರೆಕಾರ್ಡಿಂಗ್ ಕ್ವಾಲಿಟಿ ನೋಡಿ. 'ಲಾಸ್‌ಲೆಸ್' ಆಗಿದ್ದರೆ ನಿಮ್ಮ ಡಿಸ್ಕ್ ತುಂಬುತ್ತಿರುವುದು ಅದರಿಂದಲೇ. 'ಹೈ ಕ್ವಾಲಿಟಿ, ಮೀಡಿಯಂ ಫೈಲ್ ಸೈಜ್' ಹಂಚಿಕೊಳ್ಳುವವರಿಗೆ ಧಾರಾಳ ಸಾಕು.

ಇನ್ನೊಂದು, ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದೂ 'ಫೈಲ್ ತುಂಬಾ ದೊಡ್ಡದು' ಎಂದು ವಿಂಡೋಸ್ ಹಟ ಹಿಡಿದರೆ ವಿಡಿಯೊದಲ್ಲಿ ಏನೂ ದೋಷವಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದು, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಮೊದಲು ನಕಲು ಮಾಡಿಕೊಳ್ಳಿ.

ಲಕ್ಷಣ: ಚಿತ್ರ ಚೌಕ ಚೌಕ, ಮಸುಕು

ಎಲ್ಲಿ ಕೆಡುತ್ತಿದೆ ಎಂಬುದನ್ನು ಮೊದಲು ಗಮನಿಸಿ. ಮೂಲ ಫೈಲಿನಲ್ಲೇ ಹಾಗಿದೆಯೋ, ನೀವು ಕುಗ್ಗಿಸಿದ ಮೇಲೋ, ಕಳಿಸಿದ ಮೇಲೋ? ಮೂರಕ್ಕೂ ಮದ್ದು ಬೇರೆ.

ಕಳಿಸಿದ ಮೇಲೆ ಮಾತ್ರ ಕೆಟ್ಟಿದ್ದರೆ ಅದು ಆ್ಯಪ್‌ನ ಕೆಲಸ. ವಾಟ್ಸ್ಆ್ಯಪ್‌ನಲ್ಲಿ ಗ್ಯಾಲರಿಯಿಂದ ವಿಡಿಯೊ ಆಗಿ ಕಳಿಸಿದಾಗ ಅದು ತಾನೇ ಮತ್ತೊಮ್ಮೆ ಹಿಂಡುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೂ ಸಿಗುವುದು 720ಪಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮುಟ್ಟುವುದಿಲ್ಲ. ಯೂಟ್ಯೂಬ್‌ನಲ್ಲಿ ಆಗಷ್ಟೇ ಏರಿಸಿದ ವಿಡಿಯೊ ಮಸುಕಾಗಿದ್ದರೆ ಏನೂ ಮಾಡಬೇಡಿ, ಕಾಯಿರಿ. ಕಡಿಮೆ ರೆಸಲ್ಯೂಶನ್‌ನ ಪ್ರತಿ ಮೊದಲು ಸಿದ್ಧವಾಗುತ್ತದೆ, ಎಚ್‌ಡಿ ಆಮೇಲೆ. ಮರುದಿನವೂ ಹಾಗೇ ಇದ್ದರೆ ನೀವು ಏರಿಸಿದ ಬಿಟ್‌ರೇಟ್ ನೋಡಿ: 1080ಪಿ 60 ಫ್ರೇಮ್‌ಗೆ ಯೂಟ್ಯೂಬ್ ಶಿಫಾರಸು ಮಾಡುವುದು 12 ಎಂಬಿಪಿಎಸ್, 1440ಪಿ 60ಕ್ಕೆ 24. ಗೇಮಿಂಗ್ ಚಾನೆಲ್‌ನವರು 1080ಪಿ ರೆಕಾರ್ಡಿಂಗನ್ನೇ 1440ಪಿಗೆ ಹಿಗ್ಗಿಸಿ ಏರಿಸುವುದನ್ನು ನೋಡಿರಬಹುದು. ಅದು ಮೂಢನಂಬಿಕೆಯಲ್ಲ. ಆ ಅಳತೆಯ ವಿಡಿಯೊಗಳಿಗೆ ಯೂಟ್ಯೂಬ್ ವಿಪಿ9 ಪ್ರತಿ ಮಾಡುತ್ತದೆ, ಬಿಟ್‌ರೇಟೂ ಹೆಚ್ಚು ಕೊಡುತ್ತದೆ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಯಾವ ಕೋಡೆಕ್ ಬರುತ್ತಿದೆ ಎಂದು ಕಾಣುತ್ತದೆ.

ಕುಗ್ಗಿಸಿದ ಮೇಲೆ ಕೆಟ್ಟಿದ್ದರೆ ಗೇಮಿನ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋಡೆಕ್ ಉಳಿತಾಯ ಮಾಡುವುದು ಹಿಂದಿನ ಫ್ರೇಮಿಗೂ ಈಗಿನ ಫ್ರೇಮಿಗೂ ಹೋಲಿಕೆ ಇರುವಲ್ಲಿ. ಚೆಸ್ ಆಟದಲ್ಲಿ ಪರದೆ ಹೆಚ್ಚುಕಡಿಮೆ ನಿಂತೇ ಇರುತ್ತದೆ, 1 ಎಂಬಿಪಿಎಸ್ ಕೂಡ ಸಾಕು. ಬಿಜಿಎಂಐ ಎಂಬ ಶೂಟಿಂಗ್ ಗೇಮಿನಲ್ಲಿ ಹುಲ್ಲಿನ ನಡುವೆ ಜೀಪು ಓಡಿಸುವಾಗ ಪ್ರತಿ ಎಲೆಯೂ ಪ್ರತಿ ಫ್ರೇಮಿಗೆ ಜಾಗ ಬದಲಿಸುತ್ತದೆ. ಮೈನ್‌ಕ್ರಾಫ್ಟ್‌ನ ಕಾಡು, ಮಳೆ, ಹೊಗೆ, ಸ್ಫೋಟದ ಕಿಡಿಗಳು ಇವೆಲ್ಲ ಕೋಡೆಕ್‌ನ ಶತ್ರುಗಳೇ. ಒಂದು ಗೇಮಿಗೆ ಸರಿಹೋದ ಬಿಟ್‌ರೇಟ್ ಇನ್ನೊಂದಕ್ಕೆ ಹೋಗುವುದಿಲ್ಲ, ಕಾನ್‌ಸ್ಟಂಟ್ ಕ್ವಾಲಿಟಿಯನ್ನು ಹೊಗಳುವುದು ಇದಕ್ಕೇ. ಅಷ್ಟೇ ಗಾತ್ರದಲ್ಲಿ ಇನ್ನೂ ಒಳ್ಳೆಯ ಚಿತ್ರ ಬೇಕಾದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಎನ್‌ಕೋಡರ್ ಬಿಟ್ಟು, ಪ್ರೊಸೆಸರ್ ಮೇಲೆ ಓಡುವ ಎಚ್.264 ಎನ್‌ಕೋಡರ್ ಆದ ಎಕ್ಸ್264 ಆರಿಸಿ, ಪ್ರಿಸೆಟ್ 'ಸ್ಲೋ' ಕಡೆಗೆ ಜರುಗಿಸಿ. ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ವೇಗಕ್ಕೆ ಮಾಡಿದ್ದು. ಆಡುತ್ತಲೇ ರೆಕಾರ್ಡ್ ಮಾಡಲು ಅದೇ ಸರಿ, ಕುಳಿತು ಹಿಂಡಲು ಪ್ರೊಸೆಸರ್ ಮೇಲು.

ಉಳಿದೆಲ್ಲ ಸರಿ ಇದ್ದು, ಕೆಂಪು ಅಕ್ಷರಗಳು ಮಾತ್ರ ಕಲಸಿದಂತೆ ಕಾಣುತ್ತವೆಯೇ? ಅದು 4:2:0ರ ಸಹಜ ಗುಣ. ಬಣ್ಣದ ಮಾಹಿತಿ ಬೆಳಕಿನ ಮಾಹಿತಿಯ ಕಾಲು ಭಾಗ ಪಿಕ್ಸೆಲ್‌ಗಳಷ್ಟೇ ಇರುತ್ತದೆ, ಕಪ್ಪು ಹಿನ್ನೆಲೆಯ ಕೆಂಪು ಅಕ್ಷರದಲ್ಲಿ ಅದು ಎದ್ದು ಕಾಣುತ್ತದೆ. ಗೇಮಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಅಳತೆ ಹೆಚ್ಚಿಸಿ, ಅಥವಾ ಬಿಟ್ಟುಬಿಡಿ.

ಲಕ್ಷಣ: ಚಿತ್ರ ಜರ್ಕ್ ಹೊಡೆಯುತ್ತದೆ

ಮೂಲ ನುಣುಪಾಗಿದ್ದು, ಹ್ಯಾಂಡ್‌ಬ್ರೇಕ್‌ನಿಂದ ಬಂದದ್ದು ಮಾತ್ರ ತಡವರಿಸಿದರೆ ಪ್ರಿಸೆಟ್ ಹೆಸರು ಓದಿ. ತಾನಾಗಿ ಬರುವ ಪ್ರಿಸೆಟ್ 'ಫಾಸ್ಟ್ 1080ಪಿ30'. ಕೊನೆಯ 30 ಎಂದರೆ ಫ್ರೇಮ್‌ರೇಟ್ ಮಿತಿ. ನಿಮ್ಮ 60 ಫ್ರೇಮ್‌ಗಳಲ್ಲಿ ಅರ್ಧವನ್ನು ಅದು ಸದ್ದಿಲ್ಲದೆ ಬಿಸಾಕಿದೆ. ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟನ್ನು 'ಸೇಮ್ ಆ್ಯಸ್ ಸೋರ್ಸ್' ಮಾಡಿ.

ಮೂಲವೇ ತಡವರಿಸಿದರೆ ಎನ್‌ಕೋಡರ್ ಅಲ್ಲ, ರೆಕಾರ್ಡ್ ಮಾಡುವ ಹೊತ್ತಿನ ದೋಷ. ಆ ಫೈಲನ್ನು ಯಾವ ಕನ್ವರ್ಟರ್ರೂ ಸರಿಮಾಡಲಾರದು. ಒಬಿಎಸ್‌ನ 'ಸ್ಟ್ಯಾಟ್ಸ್' ಕಿಟಕಿ ತೆರೆದಿಟ್ಟು ಆಡಿ. 'ರೆಂಡರಿಂಗ್ ಲ್ಯಾಗ್' ಎದುರಿನ ಸಂಖ್ಯೆ ಏರುತ್ತಿದ್ದರೆ ಗೇಮ್ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ನುಂಗಿದೆ: ಗೇಮಿನ ಎಫ್‌ಪಿಎಸ್‌ಗೆ ಮಿತಿ ಹಾಕಿ, ಒಬಿಎಸ್ಸನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಎನ್‌ಕೋಡಿಂಗ್ ಲ್ಯಾಗ್' ಏರುತ್ತಿದ್ದರೆ ಎಕ್ಸ್264ರಿಂದ ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್‌ಗೆ ಬದಲಿಸಿ. ಫೋನಿನಲ್ಲಿ ಹದಿನೈದಿಪ್ಪತ್ತು ನಿಮಿಷ ಸರಿ ಇದ್ದು ಆಮೇಲೆ ತಡವರಿಕೆ ಶುರುವಾದರೆ ಬಿಸಿಯ ಲಕ್ಷಣ. ಚಾರ್ಜಿಗೆ ಹಾಕಿಕೊಂಡು ಆಡುತ್ತಾ ರೆಕಾರ್ಡ್ ಮಾಡಬೇಡಿ. ಫೋನಿನ ಹಿಂಬದಿ ಉಬ್ಬಿದಂತೆ ಕಂಡರೆ ಗೇಮೂ ಬೇಡ, ರೆಕಾರ್ಡಿಂಗೂ ಬೇಡ. ಫೋನ್ ಸ್ವಿಚ್ ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ, ಅದು ಬ್ಯಾಟರಿ ಕೆಟ್ಟಿರುವ ಗುರುತು.

ಕತ್ತರಿಸಿದ ಕ್ಲಿಪ್‌ನ ಮೊದಲ ಒಂದೆರಡು ಸೆಕೆಂಡ್ ಚಿತ್ರ ನಿಂತಿದ್ದು ಶಬ್ದ ಮಾತ್ರ ಓಡಿದರೆ, ನೀವು ಕತ್ತರಿಸಿದ ಜಾಗದಲ್ಲಿ ಕೀಫ್ರೇಮ್ ಇರಲಿಲ್ಲ. ಪೂರ್ತಿ ಚಿತ್ರ ಇರುವುದು ಕೀಫ್ರೇಮ್‌ಗಳಲ್ಲಿ ಮಾತ್ರ, ನಡುವಿನ ಫ್ರೇಮ್‌ಗಳಲ್ಲಿ ಇರುವುದು ಬದಲಾವಣೆಯಷ್ಟೇ. ಹಿಂದಿನ ಕೀಫ್ರೇಮ್‌ಗೆ ಜರುಗಿಸಿ ಕತ್ತರಿಸಿ.

ಇದಕ್ಕೆ ಅಂಟಿಕೊಂಡ ಒಂದು ಗಂಭೀರ ಎಚ್ಚರಿಕೆ ಇದೆ. ಎನ್‌ಕೋಡ್ ಮಾಡದೆ ಕತ್ತರಿಸಿದ ಎಂಪಿ4ನಲ್ಲಿ, ಕತ್ತರಿಸಿದ ಜಾಗಕ್ಕೂ ಅದರ ಹಿಂದಿನ ಕೀಫ್ರೇಮ್‌ಗೂ ನಡುವಿನ ಚಿತ್ರ ಫೈಲಿನೊಳಗೇ ಉಳಿದಿರಬಹುದು. 'ಇಲ್ಲಿಂದ ತೋರಿಸು' ಎಂಬ ಸೂಚನೆಯಿಂದ ಅದು ಮರೆಯಾಗಿರುತ್ತದೆ ಅಷ್ಟೆ, ಬೇರೆ ತಂತ್ರಾಂಶದಲ್ಲಿ ಹೊರಗೆ ತೆಗೆಯಬಹುದು. ಆ ಭಾಗದಲ್ಲಿ ಒಟಿಪಿ, ಬ್ಯಾಂಕ್ ಸಂದೇಶ, ಫೋನ್ ನಂಬರ್ ಕಾಣಿಸಿದ್ದರೆ ಕತ್ತರಿಸಿದ್ದು ಸಾಲದು. ಅಂಥ ಕ್ಲಿಪ್ಪನ್ನು ಮತ್ತೆ ಎನ್‌ಕೋಡ್ ಮಾಡಿಯೇ ಕಳಿಸಿ. ಆನ್‌ಲೈನ್ ಕನ್ವರ್ಟರ್ ತಾಣಗಳಿಗೆ ಏರಿಸುವುದಂತೂ ಬೇಡವೇ ಬೇಡ.

ಲಕ್ಷಣ: ಮಾತು ಒಂದು ಕಡೆ, ಚಿತ್ರ ಒಂದು ಕಡೆ

ಫೈಲಿನ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ನೋಡಿ. ಗುಂಡು ಹಾರುವುದಕ್ಕೂ ಸದ್ದಿಗೂ ಇರುವ ಅಂತರ ಎರಡೂ ಕಡೆ ಒಂದೇ ಇದೆಯೇ, ಹೋಗುತ್ತಾ ಹೆಚ್ಚುತ್ತಿದೆಯೇ?

ಒಂದೇ ಇದ್ದರೆ ಸುಲಭ. ವಿಎಲ್‌ಸಿಯಲ್ಲಿ ಕೀಬೋರ್ಡಿನ ಜೆ ಮತ್ತು ಕೆ ಒತ್ತಿದರೆ ಶಬ್ದ 50 ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ಸರಿಯುತ್ತದೆ, ಎಷ್ಟಕ್ಕೆ ಸರಿಹೋಯಿತೋ ಅದೇ ನಿಮ್ಮ ಅಂತರ. ಮುಂದಿನ ರೆಕಾರ್ಡಿಂಗ್‌ಗೆ ಅದನ್ನು ಒಬಿಎಸ್‌ನ 'ಸಿಂಕ್ ಆಫ್‌ಸೆಟ್'ನಲ್ಲಿ ಹಾಕಿ. ಬ್ಲೂಟೂತ್ ಹೆಡ್‌ಸೆಟ್ ಬಳಸುವವರಿಗೆ ಇದು ಸಾಮಾನ್ಯ.

ಹೆಚ್ಚುತ್ತಾ ಹೋದರೆ ಮೀಡಿಯಾಇನ್ಫೋದ ಫ್ರೇಮ್‌ರೇಟ್ ಮೋಡ್ ನೋಡಿ, 'ವೇರಿಯಬಲ್' ಎಂದಿರುತ್ತದೆ. ಫೋನಿನ ಸ್ಕ್ರೀನ್ ರೆಕಾರ್ಡರ್‌ಗಳು ಪರದೆ ಬದಲಾದಾಗ ಮಾತ್ರ ಫ್ರೇಮ್ ಬರೆಯುತ್ತವೆ, ಒಮ್ಮೆ 60, ಒಮ್ಮೆ 41. ಪ್ಲೇಯರ್‌ಗೆ ಇದು ಅರ್ಥವಾಗುತ್ತದೆ, ಎಷ್ಟೋ ಎಡಿಟರ್‌ಗಳಿಗೆ ಆಗುವುದಿಲ್ಲ. ಎಡಿಟರ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ, ಕ್ವಾಲಿಟಿ 18ರ ಹತ್ತಿರ ಇಟ್ಟು ಒಮ್ಮೆ ಎನ್‌ಕೋಡ್ ಮಾಡಿ. ಮತ್ತೆ ಎನ್‌ಕೋಡ್ ಮಾಡುವುದು ನಿಜವಾಗಿಯೂ ಅಗತ್ಯವಾಗುವ ಕೆಲವು ಸಂದರ್ಭಗಳಲ್ಲಿ ಇದೂ ಒಂದು.

ಲಕ್ಷಣ: ಬಣ್ಣ ಪೇಲವ

ಮೊದಲ ಅನುಮಾನ ಎಚ್‌ಡಿಆರ್ ಮೇಲೆ, ಅಂದರೆ ಬೆಳಕು ಮತ್ತು ಬಣ್ಣದ ಹರವನ್ನು ಹಿಗ್ಗಿಸಿ ತೋರಿಸುವ ಪರದೆಯ ಮೋಡ್. ಅದು ಆನ್ ಆಗಿದ್ದರೆ ವಿಂಡೋಸ್ ಕೀ, ಆಲ್ಟ್, ಬಿ ಒಟ್ಟಿಗೆ ಒತ್ತಿದಾಗ ಆರುತ್ತದೆ. ಆರಿಸಿ ಮತ್ತೆ ರೆಕಾರ್ಡ್ ಮಾಡಿ ನೋಡಿ. ಸರಿಹೋದರೆ ಕಾರಣ ಅದೇ. ಎಚ್‌ಡಿಆರ್‌ನಲ್ಲೇ ಆಗಿಹೋದ ಒಳ್ಳೆಯ ಕ್ಲಿಪ್ ಇದ್ದರೆ ನೇರ ಯೂಟ್ಯೂಬ್‌ಗೆ ಏರಿಸಿ, ಸಾಮಾನ್ಯ ಪರದೆಗೆ ಬೇಕಾದ ಪ್ರತಿಯನ್ನು ಅದೇ ಮಾಡಿಕೊಳ್ಳುತ್ತದೆ. ಎಚ್‌ಡಿಆರ್ ಇಲ್ಲದೆಯೂ ಕಪ್ಪು ಬೂದಿಯಾಗಿ ಅಥವಾ ನೆರಳೆಲ್ಲ ಮಸಿಯಾಗಿ ಕಂಡರೆ ಒಬಿಎಸ್‌ನ ಕಲರ್ ರೇಂಜ್ 'ಲಿಮಿಟೆಡ್' ಇದೆಯೇ ನೋಡಿ. 'ಫುಲ್' ಅಂದರೆ ಹೆಚ್ಚು ಒಳ್ಳೆಯದು ಎಂದೇನಿಲ್ಲ.

ಲಕ್ಷಣ: ಕರೆಂಟ್ ಹೋಯಿತು, ಫೈಲ್ ಎಲ್ಲೂ ತೆರೆಯುತ್ತಿಲ್ಲ

ಮೊದಲು ಹೇಳಿದ ಸೂಚಿ ನೆನಪಿದೆಯಲ್ಲ, ಎಂಪಿ4 ಅದನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ನಡುವೆ ಕರೆಂಟ್ ಹೋದರೆ, ಗೇಮ್ ಕ್ರ್ಯಾಶ್ ಆಗಿ ಕಂಪ್ಯೂಟರ್ ಮರುಚಾಲೂ ಆದರೆ, ಎರಡು ಗಂಟೆಯ ಚಿತ್ರವೆಲ್ಲ ಫೈಲಿನಲ್ಲಿದ್ದೂ ಎಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಎಂಕೆವಿ ಬರೆಯುತ್ತಾ ಹೋದಂತೆ ಲೆಕ್ಕವನ್ನೂ ಬರೆಯುವುದರಿಂದ ಕೊನೆಯ ಕೆಲವು ಕ್ಷಣ ಮಾತ್ರ ಹೋಗುತ್ತದೆ. ಒಬಿಎಸ್ 2024ರಲ್ಲಿ ತಂದ 'ಹೈಬ್ರಿಡ್ ಎಂಪಿ4' ಕೂಡ ಇದೇ ರಕ್ಷಣೆ ಕೊಡುತ್ತದೆ.

ಈಗಾಗಲೇ ಮುರಿದ ಎಂಪಿ4 ಇದ್ದರೆ, ಮೊದಲು ಗಾತ್ರ ನೋಡಿ. ಸೊನ್ನೆ ಎಂದಿದ್ದರೆ ಆ ಫೈಲಿನಿಂದ ತೆಗೆಯಲು ಏನೂ ಇಲ್ಲ. ಜಿಬಿಗಟ್ಟಲೆ ಇದ್ದರೆ ಅನ್‌ಟ್ರಂಕ್ ಎಂಬ ಉಚಿತ ಉಪಕರಣ ಬಳಸಿ ನೋಡಬಹುದು. ಅದೇ ಯಂತ್ರದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ, ಸರಿಯಾಗಿ ಓಡುವ ಇನ್ನೊಂದು ಫೈಲನ್ನು ಅದಕ್ಕೆ ಮಾದರಿಯಾಗಿ ಕೊಡಬೇಕು. ಅದನ್ನು ನೋಡಿಕೊಂಡು ಮುರಿದದ್ದರ ಸೂಚಿಯನ್ನು ಕಟ್ಟಲು ಯತ್ನಿಸುತ್ತದೆ. ಮಾದರಿ ಫೈಲ್ ಇಲ್ಲದಿದ್ದರೆ ಸೆಟ್ಟಿಂಗ್ ಬದಲಿಸುವ ಮೊದಲೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ.

ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ನಕಲು ಮಾಡುವಾಗ ಪದೇ ಪದೇ ಒಂದೇ ಕಡೆ ನಿಲ್ಲುತ್ತಿದ್ದರೆ, ಬೇರೆ ಫೈಲ್‌ಗಳೂ ತೆರೆಯದೆ ಹೋಗುತ್ತಿದ್ದರೆ ಇದು ಕಂಟೇನರ್ ಕೋಡೆಕ್‌ಗಳ ವಿಷಯವಲ್ಲ. ಆ ಡಿಸ್ಕ್‌ಗೆ ಇನ್ನೇನನ್ನೂ ಬರೆಯಬೇಡಿ, ರಿಪೇರಿ ತಂತ್ರಾಂಶಗಳನ್ನೂ ಓಡಿಸಬೇಡಿ, ಕಂಪ್ಯೂಟರ್ ಆರಿಸಿ. ಅದರಲ್ಲಿ ಮನೆಯವರ ಫೋಟೊ, ದಾಖಲೆಗಳಿದ್ದರೆ ಡೇಟಾ ರಿಕವರಿ ಮಾಡುವವರ ಬಳಿ ಒಯ್ದು, ಖರ್ಚು ಎಷ್ಟಾಗುತ್ತದೆ ಎಂದು ಮೊದಲು ಕೇಳಿಕೊಂಡು ಆಮೇಲೆ ಡಿಸ್ಕ್ ಕೈಗೆ ಕೊಡಿ.